ಯಾನ್ಸೊನ್‌ಗೆ ಆಸೆ ಹುಟ್ಟಿಸಿದ ಆಲೂಗಡ್ಡೆ

ಡಿಸೆಂಬರ್ ಬಂತೆಂದರೆ ಸ್ವೀಡನ್ನಿನ ಹೋಟೆಲು, ಕಚೇರಿ, ಮನೆಗಳಲ್ಲೆಲ್ಲ ‘ಯೂಲ್‌ಬೂರ್ಡ್’ ಸಿದ್ಧವಾಗುತ್ತದೆ. ಅದು ಕ್ರಿಸ್ಮಸ್ಸಿನ ಹಬ್ಬದೂಟ. ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದುಕೊಳ್ಳುವವರನ್ನು ಅಲ್ಲಿ ಓರೆಗಣ್ಣಿನಿಂದ ನೋಡುತ್ತಾರೆ, ಏಕೆಂದರೆ ಊಟಕ್ಕೆ ಒಂದು ಸರದಿಯಿದೆ. ಮೊದಲು ಹುಳಿಸಿಹಿಯಲ್ಲಿ ನೆನೆಸಿಟ್ಟ ಹೆರಿಂಗ್ ಮೀನಿನ ಹತ್ತಾರು ಬಗೆ, ಆಮೇಲೆ ತಣ್ಣನೆಯ ಸಾಲ್ಮನ್, ಅದಾದ ಮೇಲೆ ತಣ್ಣನೆಯ ಮಾಂಸ. ಬಿಸಿ ತಿನಿಸು ಅವುಗಳ ನಂತರ. ಈ ಬಿಸಿ ಸಾಲಿನಲ್ಲಿ ಮಾಂಸದುಂಡೆ, ಪುಟ್ಟ ಸಾಸೇಜುಗಳ ಪಕ್ಕದಲ್ಲಿ ಒಂದು ಟ್ರೇ ಇರಲೇಬೇಕು. ಮೇಲೆ ಕೆಂಪಗೆ ಹುರಿದ ಬ್ರೆಡ್ ಪುಡಿ, ಅಂಚಿಗೆ ಕುದ್ದು ಸೀದು ಅಂಟಿದ ಕೆನೆ, ಒಳಗೆ ಎಳೆಎಳೆಯಾಗಿ ಬೆಂದ ಆಲೂಗಡ್ಡೆ. ಸ್ಟಾಕ್‌ಹೋಮಿಗೋ ಗೋಥೆನ್‌ಬರ್ಗಿಗೋ ಕೆಲಸಕ್ಕೆ ಹೋದ ಸಸ್ಯಾಹಾರಿ ಕನ್ನಡಿಗರು ಆಫೀಸಿನ ಔತಣದಲ್ಲಿ ‘ಸದ್ಯ, ಆಲೂಗಡ್ಡೆಯಾದರೂ ಇದೆಯಲ್ಲ’ ಎಂದು ಇದನ್ನೇ ಬಡಿಸಿಕೊಂಡರೆ ಕೆಟ್ಟರು. ಒಳಗೆ ಮೀನಿದೆ. ಕೆನೆಯಲ್ಲಿ ಕರಗಿ ಹೋಗಿರುವುದರಿಂದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಅಷ್ಟೆ.

ತಿನಿಸಿನ ಹೆಸರು ‘ಯಾನ್ಸೊನ್ಸ್ ಫ್ರೆಸ್ಟೆಲ್ಸೆ’, ಅಂದರೆ ಯಾನ್ಸೊನ್‌ನ ಪ್ರಲೋಭನೆ. ಆಲೂಗಡ್ಡೆ, ಈರುಳ್ಳಿ, ಕೆನೆ, ಬೆಣ್ಣೆ, ಬ್ರೆಡ್ ಪುಡಿ ಮತ್ತು ಡಬ್ಬಿಯ ಮೀನು. ಸಾಮಾನಿನ ಪಟ್ಟಿ ಇಷ್ಟರಲ್ಲೇ ಮುಗಿಯಿತು. ನಮ್ಮ ಕರಾವಳಿಯಲ್ಲಿ ಮೀನಿಗೆ ಮಸಾಲೆ ಅರೆಯುತ್ತಾರೆ. ಇಲ್ಲಿ ಮೀನೇ ಮಸಾಲೆ. ಒಂದು ಕಿಲೋ ಆಲೂಗಡ್ಡೆಗೆ 125 ಗ್ರಾಮಿನ ಎರಡು ಡಬ್ಬಿ ಸಾಕು, ಅದರಲ್ಲೂ ರಸ ಬಸಿದರೆ ಉಳಿಯುವ ಮೀನು ಇನ್ನೂ ಕಡಿಮೆ. ಆದರೆ ಟ್ರೇಯಲ್ಲಿರುವ ಉಪ್ಪು, ಸಿಹಿ, ಲವಂಗ ದಾಲ್ಚಿನ್ನಿಗಳ ಘಮ ಎಲ್ಲ ಬರುವುದು ಆ ಚೂರುಪಾರು ಮೀನಿನಿಂದಲೇ. ಇದನ್ನು ಮನಸ್ಸಿಗೆ ತಂದುಕೊಳ್ಳದೆ ಮಾಡಲು ಹೊರಟರೆ ಕೈ ಸುಮ್ಮನಿರುವುದಿಲ್ಲ. ಬೆಳ್ಳುಳ್ಳಿ ಬೀಳುತ್ತದೆ, ಖಾರದ ಪುಡಿ ಬೀಳುತ್ತದೆ, ಕೊನೆಗೆ ಮೇಲಿಷ್ಟು ಚೀಸ್ ಕೂಡ. ಚೀಸ್ ಹಾಕಿದ ಮೇಲೆ ಅದು ಯಾವ ಯಾನ್ಸೊನ್‌ನನ್ನೂ ಆಕರ್ಷಿಸಲಾರದು. ಯಾವ ಬೇಕರಿಯಲ್ಲಾದರೂ ಸಿಗುವ ರುಚಿ ಅದು.

ಹಾಗಾಗಿ ಈ ಅಡುಗೆಯ ಮುಕ್ಕಾಲು ಪಾಲು ಕೆಲಸ ಒಲೆ ಹಚ್ಚುವ ಮೊದಲೇ, ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಮುಗಿದಿರುತ್ತದೆ. ಮೀನು ಸ್ಪ್ರಾಟ್. ಬೆರಳುದ್ದಕ್ಕಿಂತ ತುಸು ಹೆಚ್ಚು, ಬೆಳ್ಳಿ ಹೊಟ್ಟೆ, ಹೆರಿಂಗ್ ಕುಲದ್ದು. ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆಗೆ ದೂರದ ನೆಂಟ. ಕೊಬ್ಬು ತುಂಬಿಕೊಂಡ ಕಾಲದಲ್ಲಿ ಹಿಡಿದ ಈ ಮೀನನ್ನು ಹೊಟ್ಟೆ ಸೀಳದೆ, ಇಡಿಯಾಗಿ, ಉಪ್ಪು ಸಕ್ಕರೆ ಮಸಾಲೆಗಳ ಜೊತೆ ಪೀಪಾಯಿಗೆ ತುಂಬಿ ತಂಪಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಉಪ್ಪು ಕೊಳೆಯದಂತೆ ಕಾಯುತ್ತದೆ. ಮೀನಿನ ಹೊಟ್ಟೆಯಲ್ಲಿರುವ ಕಿಣ್ವಗಳು ಮಾಂಸವನ್ನು ಮೆಲ್ಲಗೆ ಮೆತ್ತಗಾಗಿಸುತ್ತವೆ. ಹೊಟ್ಟೆ ಸೀಳದಿರುವುದು ಸೋಮಾರಿತನದಿಂದಲ್ಲ, ಹದ ಬರುವುದೇ ಅದರಿಂದ. ಕಳಿತ ಮೇಲೆ ಮುಳ್ಳು ತೆಗೆದು ಡಬ್ಬಿಗೆ ಹಾಕುತ್ತಾರೆ. ಈ ಡಬ್ಬಿಯನ್ನು ಕುದಿಸಿ ಸೀಲು ಮಾಡಿರುವುದಿಲ್ಲ. ಆದ್ದರಿಂದ ಅಂಗಡಿಯಲ್ಲೂ ಮನೆಯಲ್ಲೂ ಅದರ ಜಾಗ ಫ್ರಿಜ್ಜೇ ಹೊರತು ಕಪಾಟಲ್ಲ.

ಡಬ್ಬಿ ತೆರೆದರೆ ಕೆಂಗಂದು ಬಣ್ಣದ ರಸ. ಮೇಲೆ ಬರುವುದು ಮೀನಿನ ವಾಸನೆಗಿಂತ ಹೆಚ್ಚಾಗಿ ಲವಂಗ, ದಾಲ್ಚಿನ್ನಿ, ಆಲ್‌ಸ್ಪೈಸ್‌ಗಳ ಹಬ್ಬದ ವಾಸನೆ. ಆ ಬಣ್ಣಕ್ಕೆ ಒಂದು ಕಾರಣ ನಮಗೂ ಗೊತ್ತಿರುವ ಮರ: ರಕ್ತಚಂದನ. ಆಂಧ್ರದ ಶೇಷಾಚಲದ ಕಾಡು, ಕಳ್ಳಸಾಗಣೆ, ಪೊಲೀಸ್ ಕಾರ್ಯಾಚರಣೆ ಎಂಬ ಸುದ್ದಿಗಳಲ್ಲಷ್ಟೇ ನಾವು ಕೇಳುವ ಆ ಕೆಂಪು ಮರದ ಪುಡಿಯನ್ನು ಯುರೋಪಿನವರು ಮಧ್ಯಯುಗದಿಂದಲೇ ಅಡುಗೆಗೆ ಬಣ್ಣವಾಗಿ ಬಳಸಿದ್ದಾರೆ. ಉಳಿದ ಕಡೆ ಆ ಪದ್ಧತಿ ಹೆಚ್ಚುಕಡಿಮೆ ಮರೆಯಾಯಿತು. ಸ್ವೀಡನ್ನಿನ ಮೀನಿನ ಪೀಪಾಯಿಯಲ್ಲಿ ಉಳಿದುಕೊಂಡಿದೆ.

ಬೂಹುಸ್ಲೇನ್ ಪ್ರಾಂತ್ಯದ ಗ್ರೆಬ್ಬೆಸ್ಟಾಡ್ ಎಂಬ ಮೀನುಗಾರರ ಊರಿನ ಹೆಸರು ಈ ಡಬ್ಬಿಯ ಮೇಲಿರುತ್ತದೆ. ಮಾರುವ ಬ್ರ್ಯಾಂಡಿನ ಹೆಸರು ಅಬ್ಬಾ. ಹೌದು, ಆ ಹಾಡುಗಾರರ ತಂಡದ್ದೂ ಅದೇ ಹೆಸರು. ಆದರೆ ಮೀನಿನ ಕಂಪನಿ ಹಳೆಯದು. 1970ರ ದಶಕದಲ್ಲಿ ತಂಡದವರೇ ಹೋಗಿ ಕಂಪನಿಯ ಒಪ್ಪಿಗೆ ಕೇಳಬೇಕಾಯಿತು.

ಇನ್ನು ಈ ಯಾನ್ಸೊನ್ ಯಾರು? ಬಹಳ ಜನ ಹೇಳುವುದು ಪೆಲ್ಲೆ ಯಾನ್ಸೊನ್ ಎಂಬ ಒಪೆರಾ ಗಾಯಕನ ಹೆಸರು. 1844ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈತ ತಿಂಡಿಪೋತನೆಂದು ಹೆಸರಾಗಿದ್ದ. ಇನ್ನು ಕೆಲವರು ಎರಿಕ್ ಯಾನ್ಸೊನ್ ಎಂಬ ಧರ್ಮಬೋಧಕನ ಕಡೆ ಬೆರಳು ತೋರುತ್ತಾರೆ. ಸ್ವೀಡನ್ ಬಿಟ್ಟು 1846ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಬಿಷಪ್ ಹಿಲ್ ಎಂಬ ನೆಲೆ ಕಟ್ಟಿದವನು ಅವನು. ದೇಹದ ಆಸೆಗಳನ್ನೆಲ್ಲ ಬಿಡಿ ಎಂದು ಬೋಧಿಸುತ್ತಿದ್ದವನು ಈ ತಟ್ಟೆಯ ಮುಂದೆ ಸಿಕ್ಕಿಬಿದ್ದನಂತೆ. ಕೇಳಲು ಚೆಂದದ ಕತೆ. ಅದಕ್ಕೇ ನಂಬಲು ಮನಸ್ಸಾಗುವುದಿಲ್ಲ. ಮೂರನೆಯದು ಗುನ್ನಾರ್ ಸ್ಟಿಗ್ಮಾರ್ಕ್ ಎಂಬವರು ಬರೆದದ್ದು. ತಮ್ಮ ತಾಯಿ ಒಂದು ಔತಣಕ್ಕೆಂದು ಈ ಹೆಸರನ್ನು ಆಗ ಓಡುತ್ತಿದ್ದ ಸಿನಿಮಾದಿಂದ ತೆಗೆದುಕೊಂಡರು ಎಂದು ಅವರ ಹೇಳಿಕೆ. 1928ರಲ್ಲಿ ಆ ಹೆಸರಿನ ಸಿನಿಮಾ ಬಂದದ್ದಂತೂ ನಿಜ. ಗಾಯಕನಿಗಿಂತ, ಬೋಧಕನಿಗಿಂತ ಈ ಗೃಹಿಣಿಯ ಕತೆಯೇ ನನಗೆ ಸರಿಯೆನಿಸುತ್ತದೆ. ನೆಂಟರು ಬರುವ ಹೊತ್ತಿಗೆ ಹಳೆಯ ತಿನಿಸಿಗೆ ಹೊಸ ಹೆಸರಿಡುವ ಉಪಾಯ ಯಾವ ಅಡುಗೆಮನೆಗೂ ಹೊಸದಲ್ಲ.

ಮಾಡುವುದು ಹೀಗೆ. ಆಲೂಗಡ್ಡೆ ಒಂದು ಕಿಲೋ. ಸಿಪ್ಪೆ ತೆಗೆದು ಬೆಂಕಿಕಡ್ಡಿಗಿಂತ ತುಸು ದಪ್ಪಕ್ಕೆ, ಅರ್ಧ ಸೆಂಟಿಮೀಟರ್ ಮೀರದಂತೆ, ಉದ್ದುದ್ದ ಹೆಚ್ಚಬೇಕು. ತಾಳ್ಮೆ ಬೇಕಿರುವುದು ಈ ಒಂದು ಹಂತಕ್ಕೆ. ಫ್ರೆಂಚ್ ಫ್ರೈಸ್‌ನಷ್ಟು ದಪ್ಪವಾದರೆ ಕೆನೆ ಬತ್ತಿದರೂ ನಡುವೆ ಕರಕರ ಎನ್ನುತ್ತದೆ, ತುರಿದರೆ ಮುದ್ದೆಯಾಗುತ್ತದೆ. ಸ್ವೀಡನ್ನಿನ ಅಂಗಡಿಗಳಲ್ಲಿ ಇದಕ್ಕೆಂದೇ ಹೆಚ್ಚಿದ ಆಲೂಗಡ್ಡೆ ಸಿಗುತ್ತದೆ, ನಮಗೆ ಚಾಕುವೇ ಗತಿ. ಹೆಚ್ಚಿದ ಮೇಲೆ ತೊಳೆಯಬಾರದು. ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಇಲ್ಲಿ ಮಾತ್ರ ಅದರ ಪಿಷ್ಟವೇ ಕೆನೆಯನ್ನು ಗಟ್ಟಿಮಾಡಬೇಕು. ಅದು ನೀರಿನ ಜೊತೆ ಹೋದರೆ ಟ್ರೇಯ ತಳದಲ್ಲಿ ತೆಳ್ಳನೆಯ ಹಾಲು ನಿಲ್ಲುತ್ತದೆ.

ಎರಡು ದೊಡ್ಡ ಈರುಳ್ಳಿಯನ್ನು ತೆಳ್ಳಗೆ ಸೀಳಿ ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ. ಗಾಜಿನಂತೆ ಪಾರದರ್ಶಕವಾಗಿ ಮೆತ್ತಗಾದರೆ ಸಾಕು, ಬಿರಿಯಾನಿಯ ಈರುಳ್ಳಿಯ ಹಾಗೆ ಕೆಂಪಾಗಬಾರದು. ಬೆಣ್ಣೆ ಸವರಿದ ಟ್ರೇಗೆ ಅರ್ಧ ಆಲೂಗಡ್ಡೆ, ಮೇಲೆ ಈರುಳ್ಳಿ, ಅದರ ಮೇಲೆ ಮೀನಿನ ಚೂರುಗಳನ್ನು ಎಲ್ಲ ಮೂಲೆಗೂ ಸಿಗುವಂತೆ ಹರಡಿ, ಉಳಿದರ್ಧ ಆಲೂಗಡ್ಡೆಯಿಂದ ಮುಚ್ಚಬೇಕು. ಡಬ್ಬಿಯ ರಸ ಒಂದೆರಡು ಚಮಚ ಸುರಿಯಿರಿ. ಉಪ್ಪಿನ ಡಬ್ಬಿಯನ್ನು ಈ ಹೊತ್ತಿಗೆ ಕಪಾಟಿನೊಳಗೆ ಇಟ್ಟುಬಿಡುವುದು ಒಳ್ಳೆಯದು.

ಕೆನೆ 300 ಮಿಲಿಲೀಟರ್. ಸ್ವೀಡನ್ನಿನವರು ಬಳಸುವುದು ಶೇ 40ರಷ್ಟು ಕೊಬ್ಬಿರುವ ಕ್ರೀಮ್. ಅಷ್ಟು ಕೊಬ್ಬಿದ್ದರೆ ಉಪ್ಪು, ಬಿಸಿ ಎರಡೂ ಸೇರಿದರೂ ಒಡೆಯುವುದಿಲ್ಲ. ನಮ್ಮ ಅಂಗಡಿಯ ಟೆಟ್ರಾ ಪ್ಯಾಕಿನ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ 25ರಷ್ಟಿರುತ್ತದೆ. ಅದೂ ನಡೆಯುತ್ತದೆ, ಆದರೆ ಅದಕ್ಕೆ ಮತ್ತೆ ಹಾಲು ಬೆರೆಸಿ ತೆಳ್ಳಗೆ ಮಾಡಬೇಡಿ. ಮನೆಯಲ್ಲಿ ಕಾಯಿಸಿದ ಹಾಲಿನಿಂದ ತೆಗೆದಿಟ್ಟ ಕೆನೆ ಬೇಡವೇ ಬೇಡ. ಓವನ್ನಿನ ಬಿಸಿಗೆ ಅದು ತುಪ್ಪ ಬಿಡುತ್ತದೆ. ಮೊದಲು ಮುಕ್ಕಾಲು ಪಾಲು ಕ್ರೀಮ್ ಸುರಿದು, ಮೇಲೆ ಎರಡು ಚಮಚ ಬ್ರೆಡ್ ಪುಡಿ ಉದುರಿಸಿ, ಅಲ್ಲಲ್ಲಿ ಬೆಣ್ಣೆಯ ತುಣುಕು ಇಟ್ಟು 200 ಡಿಗ್ರಿಯ ಓವನ್ನಿಗೆ ತಳ್ಳಬೇಕು. ಅರ್ಧ ಗಂಟೆಯ ಹೊತ್ತಿಗೆ ಅಂಚಿನಲ್ಲಿ ಗುಳ್ಳೆಯೇಳುತ್ತದೆ. ಆಗ ಉಳಿದ ಕ್ರೀಮನ್ನು ಅಂಚಿನ ಸುತ್ತ ಇಳಿಬಿಡುವುದು. ಒಟ್ಟು ಮುಕ್ಕಾಲರಿಂದ ಒಂದು ಗಂಟೆ. ಸಣ್ಣ ಒಟಿಜಿಯಲ್ಲಿ ಮೇಲಿನ ಕಂಬಿ ಟ್ರೇಗೆ ತೀರಾ ಹತ್ತಿರವಿರುವುದರಿಂದ ಮೊದಲರ್ಧ ಫಾಯಿಲ್ ಮುಚ್ಚಿದರೆ ಬ್ರೆಡ್ ಪುಡಿ ಕರಕಲಾಗುವುದಿಲ್ಲ. ಚಾಕು ತುದಿ ಚುಚ್ಚಿದಾಗ ತಡೆಯಿಲ್ಲದೆ ಇಳಿದರೆ ಬೆಂದಿದೆ. ಹೊರತೆಗೆದ ಕೂಡಲೇ ಕತ್ತರಿಸಿದರೆ ಕೆನೆ ಹರಿದುಹೋಗುತ್ತದೆ, ಹತ್ತು ನಿಮಿಷ ಬಿಡಿ.

ಬೆಂಗಳೂರಿನಲ್ಲಿ ಕುಳಿತು ಮಾಡುವವರಿಗೆ ಕಷ್ಟ ಮೀನಿನದ್ದೇ. ಈ ಸ್ಪ್ರಾಟನ್ನು ಸ್ವೀಡನ್ನಿನಲ್ಲಿ ‘ಆನ್‌ಶೋವಿಸ್’ ಎಂದು ಮಾರುವುದರಿಂದ ಇಂಗ್ಲಿಷ್ ಪಾಕಪುಸ್ತಕಗಳಲ್ಲಿ ಅದು ಆಂಚೊವಿ ಎಂದಾಗಿಬಿಟ್ಟಿದೆ. ಸೂಪರ್ ಮಾರ್ಕೆಟಿನಲ್ಲಿ ಆಂಚೊವಿ ಎಂದು ಸಿಗುವುದು ಮೆಡಿಟರೇನಿಯನ್ ಕಡೆಯ ಎಣ್ಣೆಯಲ್ಲಿಟ್ಟ ಬೇರೆ ಮೀನು. ಅದರಲ್ಲಿ ಸಕ್ಕರೆಯಿಲ್ಲ, ಲವಂಗವಿಲ್ಲ, ಬರೀ ಉಪ್ಪು. ಅದೇ ಅಳತೆಯಲ್ಲಿ ಹಾಕಿದರೆ ಟ್ರೇ ಸಮೇತ ಎಸೆಯಬೇಕಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಎಣ್ಣೆ ಒರೆಸಿ, ಹಾಲಿನಲ್ಲಿ ಅರ್ಧ ಗಂಟೆ ನೆನೆಸಿ ಉಪ್ಪು ಬಿಡಿಸಿ, ಪ್ರಮಾಣ ಅರ್ಧಕ್ಕೂ ಕಡಿಮೆ ಮಾಡಿ, ಕ್ರೀಮಿಗೆ ಒಂದು ಚಮಚ ಸಕ್ಕರೆ, ಚಿಟಿಕೆ ದಾಲ್ಚಿನ್ನಿ, ಒಂದೆರಡು ಲವಂಗದ ಪುಡಿ ಬೆರೆಸಿ. ಯಾನ್ಸೊನ್‌ನ ಹತ್ತಿರದ ಬಂಧುವಾದರೂ ಆಗುತ್ತದೆ. ತಾಜಾ ಬೂತಾಯಿ ಹಾಕಿದರೆ ಆಗುವುದಿಲ್ಲ. ಅದು ಕಳಿತ ಮೀನಲ್ಲ, ಬೆಂದ ಮೀನಾಗಿ ಬೇರೆಯೇ ಉಳಿಯುತ್ತದೆ. ಸ್ವೀಡನ್ನಿನಿಂದ ಬರುವವರ ಹತ್ತಿರ ಚಾಕೊಲೇಟ್ ಬದಲು ಡಬ್ಬಿ ತರಲು ಹೇಳುವವರು ಅದು ತಂಪಿನಲ್ಲೇ ಇರಬೇಕೆಂಬುದನ್ನೂ ಹೇಳಬೇಕು.

ಇದನ್ನು ತಿನ್ನಲು ಕ್ರಿಸ್ಮಸ್ಸೇ ಬರಬೇಕೆಂದಿಲ್ಲ. ಈಸ್ಟರ್ ಊಟದಲ್ಲೂ ಉಂಟು, ಪಕ್ಕದ ಫಿನ್‌ಲ್ಯಾಂಡಿನಲ್ಲೂ ಉಂಟು. ಕುಡಿತ ಕುಣಿತಗಳ ನಂತರ ನೆಂಟರು ಮನೆಗೆ ಹೊರಡುವ ಮುನ್ನ ಮಧ್ಯರಾತ್ರಿ ಬಡಿಸುವ ‘ವಿಕ್ನಿಂಗ್’ ಎಂಬ ತಿಂಡಿಯಾಗಿಯೂ ಇದಕ್ಕೆ ಹೆಸರಿದೆ. ಹಾಗೆ ತಡರಾತ್ರಿಗೆ ಬೇಕಿದ್ದರೆ ಹಸಿ ಆಲೂಗಡ್ಡೆ ಜೋಡಿಸಿ ಗಂಟೆಗಟ್ಟಲೆ ಇಡಬೇಡಿ, ಕಪ್ಪಾಗುತ್ತದೆ. ಸಂಜೆಯೇ ಮುಕ್ಕಾಲು ಬೇಯಿಸಿ ಇಳಿಸಿಟ್ಟು, ಆರಿದ ಮೇಲೆ ಫ್ರಿಜ್ಜಿಗೆ ಸೇರಿಸಿ, ಬಡಿಸುವ ಮುಂಚೆ ಉಳಿದ ಕ್ರೀಮ್ ಸುರಿದು ಮತ್ತೆ ಇಪ್ಪತ್ತು ನಿಮಿಷ ಓವನ್ನಿಗೆ ಇಟ್ಟರಾಯಿತು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಬಾಣಲೆಯಲ್ಲಿ ಬೆಣ್ಣೆ ಹಾಕಿ ತಳ ಗರಿಗರಿಯಾಗುವಂತೆ ಬಿಸಿಮಾಡಿ, ಮೇಲೊಂದು ಮೊಟ್ಟೆ ಒಡೆದು ತಿನ್ನಬಹುದು. ಆಗಲೂ ಉಪ್ಪು ಬೇಡ.