ಓದಿನ ಫಲ



ವಿಶ್ವಗುರು ಫ್ರಾನ್ಸಿಸರು 2019ರಲ್ಲಿ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಸಾರಿದರು. ಅಂದು ದೇವಾಲಯದಲ್ಲಿ ಪವಿತ್ರ ಗ್ರಂಥವನ್ನು ಗೌರವಿಸುತ್ತೇವೆ. ಆದರೆ ಮನೆಯಲ್ಲಿ ಅದನ್ನು ಸರಿಯಾಗಿ ಓದಿದ್ದೇವೆಂದು ತಿಳಿಯುವುದು ಹೇಗೆ?

ಅಮೆರಿಕದಲ್ಲಿ ಹುಟ್ಟಿದ ಪ್ರಾಗ್ಮಾಟಿಸಂ ಎಂಬ ತತ್ವಶಾಸ್ತ್ರ ಇಲ್ಲಿ ನೆರವಾಗುತ್ತದೆ. ಒಂದು ವಿಚಾರದ ಅರ್ಥ ತಿಳಿಯಬೇಕಾದರೆ, ಅದರಿಂದ ನಡೆಯಲ್ಲಿ ಏನು ವ್ಯತ್ಯಾಸವಾಗುತ್ತದೆಂದು ನೋಡಬೇಕು ಎನ್ನುವುದು ಅದರ ತಿರುಳು. ಚಾರ್ಲ್ಸ್ ಪರ್ಸ್ 1878ರಲ್ಲಿ ಇದಕ್ಕೆ ಬುನಾದಿ ಹಾಕಿದರು. ವಿಲಿಯಂ ಜೇಮ್ಸ್ 1902ರ ತಮ್ಮ ಗ್ರಂಥದಲ್ಲಿ ಧಾರ್ಮಿಕ ಅನುಭವಗಳನ್ನೂ ಅವುಗಳ ಫಲದಿಂದ ಅಳೆದರು. ಮರವನ್ನು ಫಲದಿಂದ ಗುರುತಿಸಬೇಕೆಂದು ಯೇಸುಸ್ವಾಮಿ ಕಲಿಸಿದ್ದು ನಮಗೆ ಗೊತ್ತೇ ಇದೆ (ಮತ್ತಾಯ 7).

ಗ್ರಂಥಭಕ್ತಿ ಹೀಗೆ ಫಲ ಕೊಟ್ಟ ಕಥೆ ಗಲಗಲಿಯ ನೆರೆಯ ಮುಧೋಳ ಸೀಮೆಗೂ ಸಂಬಂಧಿಸಿದ್ದು. ಅಲ್ಲಿನ ಬೆಳಗಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನಕವಿ 993ರಲ್ಲಿ ಅಜಿತಪುರಾಣ ಬರೆದದ್ದು ಜೈನ ಶ್ರಾವಕಿ ಅತ್ತಿಮಬ್ಬೆಯ ಆಶ್ರಯದಲ್ಲಿ. ಗಂಡ ನಾಗದೇವ ಯುದ್ಧದಲ್ಲಿ ಮಡಿದ ಮೇಲೆ ಆಕೆ ದಾನಧರ್ಮಗಳಲ್ಲೇ ಬಾಳು ಸವೆಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಕೈಯಿಂದ ಬರೆಯಿಸಿ ಹಂಚಿದಳು. ಜೈನರಿಗೆ ಅನ್ನದಾನದಂತೆ ಶಾಸ್ತ್ರದಾನವೂ ಪುಣ್ಯಕಾರ್ಯ. ಗ್ರಂಥದ ಮೇಲಿನ ಆಕೆಯ ಭಕ್ತಿ ಇತರರ ಕೈಗೆ ತಲುಪುವ ದಾನವಾಯಿತು.

ಆದರೆ ಒಂದು ಎಚ್ಚರ ಬೇಕು. ಉಪಯೋಗಕ್ಕೆ ಬಂದದ್ದೇ ಸತ್ಯವೆಂದರೆ, ನಮಗೆ ಹಿತವಾದ ವಾಕ್ಯಗಳನ್ನಷ್ಟೇ ಆರಿಸಿಕೊಂಡೇವು. ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗೆ ಕ್ಷಮೆಯ ಬೋಧನೆ ನಷ್ಟದ ಮಾತಾಗಿ ಕಂಡೀತು. ಆದರೂ ಅದು ಸತ್ಯ. ದೇವರ ವಾಕ್ಯ ನಮ್ಮ ಲಾಭದಿಂದ ಸತ್ಯವಾಗುವುದಿಲ್ಲ. ಫಲದಿಂದ ಪರೀಕ್ಷೆಗೊಳಗಾಗುವುದು ಓದಿದ ನಾವು.

12ನೇ ಶತಮಾನದ ಸನ್ಯಾಸಿ ಎರಡನೇ ಗುಯಿಗೊ ಪವಿತ್ರ ಓದಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಈ ಓದು ಕ್ರಿಯೆಯನ್ನು ಮುಟ್ಟದೆ ಪೂರ್ಣವಾಗದೆಂದು ವಿಶ್ವಗುರು 16ನೇ ಬೆನೆಡಿಕ್ಟರು 2010ರಲ್ಲಿ ನೆನಪಿಸಿದರು.

ಆದ್ದರಿಂದ ರಾತ್ರಿ ಊಟಕ್ಕೆ ಮುಂಚೆ ಮನೆಮಂದಿ ಕೂಡಿ ಶುಭಸಂದೇಶದ ಹತ್ತು ಸಾಲು ಓದಿರಿ. ಓದು ಬಾರದ ಅಜ್ಜಿಗಾಗಿ ಮೊಮ್ಮಗಳು ಗಟ್ಟಿಯಾಗಿ ಓದಲಿ; ಕೇಳುವುದೂ ಓದೇ. ಬಳಿಕ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಓದಿದ್ದರಿಂದ ನಾಳೆ ನಾವು ಏನು ಮಾಡೋಣ? ಮಾತು ಬಿಟ್ಟ ತಮ್ಮನ ಮನೆಗೆ ಹೋಗಿ ಬರುವುದೇ ಉತ್ತರವಾದರೆ, ಹೋಗಿ ಬನ್ನಿ. ಓದು ಪೂರ್ಣವಾಗುವುದು ಆತನ ಹೊಸ್ತಿಲಲ್ಲಿ.