ರಾಕ್ ಹಾಡು ಹುಟ್ಟುವುದು ಹೇಗೆ?

ರಾಕ್ ಸಂಗೀತ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರ ಕೈ ಕಿವಿಗೆ ಹೋಗುತ್ತದೆ, ಕಿರಿಯರ ಕೈ ಮೊಬೈಲಿನ ವಾಲ್ಯೂಮಿಗೆ ಹೋಗುತ್ತದೆ. ಈ ಜಗ್ಗಾಟದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಇಷ್ಟು ಗದ್ದಲ ಮಾಡುವ ಈ ಜನ ಹಾಡು ಕಟ್ಟುವುದಾದರೂ ಹೇಗೆ? ಕಛೇರಿ ಮಾಡುವವರಿಗೆ ರಾಗವಿದೆ, ತಾಳವಿದೆ, ಗುರುಗಳು ಹೇಳಿಕೊಟ್ಟ ಕೃತಿಗಳಿವೆ. ಸಿನಿಮಾದವರಿಗೆ ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ. ನಾಲ್ಕು ಜನ ಗೆಳೆಯರು ಎರಡು ಗಿಟಾರು, ಒಂದು ಡ್ರಮ್ಸ್ ಇಟ್ಟುಕೊಂಡು ಸುಮ್ಮನೆ ಕೂತರೆ ಹಾಡು ಎಲ್ಲಿಂದ ಬರಬೇಕು?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸಂಗೀತ ಕಲಿತವನಲ್ಲ. ಆದರೆ ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಬೆಳೆದವನಿಗೆ ಸದ್ದಿನ ಭಯ ಸ್ವಲ್ಪ ಕಡಿಮೆ. ಮೊಮ್ಮಗಳು ಕೇಳುವ ಹಾಡುಗಳ ಹಿಂದಿನ ಕಥೆಗಳನ್ನು ಕೆಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅವುಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ಉಪಯೋಗವಾಗುವ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಕನಸಿನಲ್ಲಿ ಬಂದ ಮಟ್ಟು

ಇಂಗ್ಲೆಂಡಿನ ಬೀಟಲ್ಸ್ ತಂಡದ ಹೆಸರು ನೀವು ಕೇಳಿರುತ್ತೀರಿ. ಆ ತಂಡದ ಪಾಲ್ ಮೆಕಾರ್ಟ್ನಿ ಒಂದು ದಿನ ಬೆಳಿಗ್ಗೆ ಎದ್ದಾಗ ಅವರ ತಲೆಯಲ್ಲಿ ಒಂದು ಪೂರ್ತಿ ಮಟ್ಟು ಇತ್ತಂತೆ. ಕನಸಿನಲ್ಲಿ ಕೇಳಿದ ಮಟ್ಟು ಅದು. ಎದ್ದವರೇ ಪಕ್ಕದಲ್ಲಿದ್ದ ಪಿಯಾನೋ ಮೇಲೆ ನುಡಿಸಿಕೊಂಡರು. ಆದರೆ ಅನುಮಾನ ಬಿಡಲಿಲ್ಲ. ಇಷ್ಟು ಸಲೀಸಾಗಿ ಬಂದದ್ದು ನನ್ನದೇ ಇರಲಿಕ್ಕಿಲ್ಲ, ಎಲ್ಲೋ ಕೇಳಿದ್ದೇ ಇರಬೇಕು ಎಂದು ವಾರಗಟ್ಟಲೆ ಸಿಕ್ಕವರಿಗೆಲ್ಲ ಅದನ್ನು ಕೇಳಿಸಿ, 'ಇದು ಯಾರ ಹಾಡು ಗೊತ್ತೇ?' ಎಂದು ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಆಮೇಲೆಯೇ ಅದು ತಮ್ಮದೆಂದು ಒಪ್ಪಿಕೊಂಡರು.

ಮಟ್ಟು ಬಂತು, ಮಾತು ಬರಲಿಲ್ಲ. ಮಟ್ಟು ಮರೆತುಹೋಗದಿರಲಿ ಎಂದು ಮೊಟ್ಟೆ ಬುರ್ಜಿಯ ಬಗ್ಗೆ ಏನೋ ಬಾಯಿಗೆ ಬಂದದ್ದನ್ನು ಹಾಕಿ ಹಾಡಿಕೊಳ್ಳುತ್ತಿದ್ದರು. ಸರಿಯಾದ ಮಾತು ಸಿಗಲು ತಿಂಗಳುಗಳೇ ಹಿಡಿದವು. 1965ರಲ್ಲಿ ಹೊರಬಂದ ಆ ಹಾಡೇ 'ಯೆಸ್ಟರ್‌ಡೇ'. ಪ್ರಪಂಚದಲ್ಲಿ ಅತಿ ಹೆಚ್ಚು ಜನ ಮತ್ತೆ ಮತ್ತೆ ಹಾಡಿದ ಹಾಡುಗಳಲ್ಲಿ ಅದೂ ಒಂದು.

ಅದೇ ವರ್ಷದ ಇನ್ನೊಂದು ಕಥೆ ರೋಲಿಂಗ್ ಸ್ಟೋನ್ಸ್ ತಂಡದ್ದು. 2003ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿ ಹೋದ ತಂಡ ಇದು. ಅದರ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಹಾಸಿಗೆಯ ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್ ಇಟ್ಟುಕೊಂಡೇ ಮಲಗುತ್ತಿದ್ದರು. ಒಂದು ರಾತ್ರಿ ಅರೆನಿದ್ದೆಯಲ್ಲಿ ಎದ್ದು ಗಿಟಾರಿನ ಒಂದು ಸಣ್ಣ ತುಣುಕು ನುಡಿಸಿ ಹಾಗೇ ಮಲಗಿಬಿಟ್ಟರು. ಬೆಳಿಗ್ಗೆ ಕೇಳಿದರೆ ಟೇಪಿನಲ್ಲಿ ಆ ತುಣುಕು ಸ್ವಲ್ಪ, ಉಳಿದದ್ದೆಲ್ಲ ಅವರ ಗೊರಕೆ! ಆ ತಂಡದ ಅತ್ಯಂತ ಹೆಸರುವಾಸಿ ಹಾಡು ಬೆಳೆದದ್ದು ಆ ತುಣುಕಿನಿಂದಲೇ.

ಈ ಎರಡು ಕಥೆ ಕೇಳಿ, ಹಾಗಾದರೆ ಮಲಗಿದ್ದರೆ ಸಾಕು, ಹಾಡು ತಾನೇ ಬರುತ್ತದೆ ಎಂದುಕೊಳ್ಳಬೇಡಿ. ಇಬ್ಬರೂ ದಿನವೆಲ್ಲ ವಾದ್ಯ ಹಿಡಿದೇ ಇದ್ದವರು. ಹಗಲಿಡೀ ಕೈ ಮಾಡಿದ ಕೆಲಸವನ್ನು ರಾತ್ರಿ ತಲೆ ಮುಂದುವರಿಸಿತು ಅಷ್ಟೆ. ಇನ್ನೊಂದು ವಿಷಯ ಗಮನಿಸಿ. ಬಂದದ್ದನ್ನು ಇಬ್ಬರೂ ಆಗಲೇ ಹಿಡಿದಿಟ್ಟರು, ಒಬ್ಬರು ಪಿಯಾನೋದಲ್ಲಿ, ಇನ್ನೊಬ್ಬರು ಟೇಪಿನಲ್ಲಿ. ಬ್ಯಾಂಕಿನಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠವೂ ಅದೇ. ನಡೆದದ್ದನ್ನು ಅಂದೇ ಬರೆ, ನಾಳೆ ನೆನಪಿರುತ್ತದೆ ಎಂದು ನಂಬಬೇಡ.

ಬೆರಳು ಹೋದ ಮೇಲೆ

ಟೋನಿ ಐಯೋಮಿ ಎಂಬುವರ ಕಥೆ ಕೈಗಾರಿಕೆಯ ಊರಿನವರಾದ ನಮಗೆ ಬೇಗ ಅರ್ಥವಾಗುತ್ತದೆ. ಬರ್ಮಿಂಗ್‌ಹ್ಯಾಮ್ ಊರಿನ ಒಂದು ತಗಡಿನ ಕಾರ್ಖಾನೆಯಲ್ಲಿ ಆ ಹುಡುಗ ಕೆಲಸಕ್ಕಿದ್ದ. ವಯಸ್ಸು 17. ಗಿಟಾರ್ ನುಡಿಸುವುದನ್ನೇ ಕಸುಬು ಮಾಡಿಕೊಳ್ಳಬೇಕೆಂದು ಕೆಲಸ ಬಿಡುವ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಆತ ಎಡಚ. ತಂತಿ ಒತ್ತುವುದು ಬಲಗೈಯೇ. ಇನ್ನು ಗಿಟಾರು ಮುಗಿಯಿತು ಎಂದುಕೊಂಡು ಕೂತಿದ್ದಾಗ ಕಾರ್ಖಾನೆಯ ಮೇಲ್ವಿಚಾರಕರು ಮನೆಗೆ ಬಂದು ಒಂದು ಗ್ರಾಮಫೋನ್ ತಟ್ಟೆ ಹಾಕಿ ಕೇಳಿಸಿದರು. ಅದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕರದ್ದು. 1928ರಲ್ಲಿ ಬೆಂಕಿಯಲ್ಲಿ ಕೈ ಸುಟ್ಟು, ಮುಖ್ಯವಾಗಿ ಎರಡೇ ಬೆರಳಿನಲ್ಲಿ ನುಡಿಸಿ ಹೆಸರಾದವರು ಅವರು.

ಟೋನಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ. ಗಟ್ಟಿ ತಂತಿ ಒತ್ತಿದರೆ ನೋವು. ಅದಕ್ಕೆ ತೆಳು ತಂತಿ ಹಾಕಿಕೊಂಡ. ಮುಂದೆ ತಂತಿಗಳನ್ನು ಸಡಿಲ ಮಾಡಿ ಶ್ರುತಿಯನ್ನೂ ಇಳಿಸಿದ. ಸಡಿಲ ತಂತಿಯಿಂದ ದಪ್ಪವಾದ, ಕತ್ತಲೆಯಂಥ ಒಂದು ಧ್ವನಿ ಬಂತು. ಅವರ ತಂಡ ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಂ 1970ರಲ್ಲಿ ಬಂತು. ಇಂದು ಹೆವಿ ಮೆಟಲ್ ಎನ್ನುವ ಸಂಗೀತದ ಬೇರು ಅಲ್ಲಿದೆ.

ಅದಕ್ಕೂ ಮುಂಚೆ, 1964ರಲ್ಲಿ, ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಸ್ಪೀಕರಿನೊಳಗಿನ ಕಾಗದದ ಶಂಕುವನ್ನು ಬ್ಲೇಡಿನಿಂದ ಸೀಳಿದ್ದರು. ಅದರಿಂದ ಬಂದ ಒಡಕು ಧ್ವನಿಯೇ ಅವರಿಗೆ ಬೇಕಾಗಿತ್ತು. ನಾವು ರೇಡಿಯೋ ರಿಪೇರಿಗೆ ಕೊಡುವಂಥ ಧ್ವನಿ ಅದು! (ಮಕ್ಕಳೇ, ಮನೆಯ ಸ್ಪೀಕರಿನ ಮೇಲೆ ಈ ಪ್ರಯೋಗ ಬೇಡ.) ಇದ್ದ ಸಾಮಾನು, ಇದ್ದ ಬೆರಳು, ಇದ್ದ ಕೊರತೆ, ಇವುಗಳಿಂದಲೇ ಏನು ಮಾಡಬಹುದು ಎಂದು ನೋಡುವುದು ಈ ಸಂಗೀತಗಾರರ ಒಂದು ಗುಣ.

ಹಾಸು, ಹೊಕ್ಕು

ಬಟ್ಟೆಗೆ ಹಾಸು ಬೇಕು, ಹೊಕ್ಕು ಬೇಕು. ರಾಕ್ ತಂಡದಲ್ಲಿ ಡ್ರಮ್ಸ್ ಮತ್ತು ಬೇಸ್ ಗಿಟಾರು ಹಾಸು. ಅವು ಬಿಗಿಯಾಗಿ ಎಳೆದು ನಿಂತರೆ ಗಿಟಾರು, ದನಿ ಎಂಬ ಹೊಕ್ಕು ಅಡ್ಡಕ್ಕೆ ಓಡಾಡಬಹುದು. ಬಹುಪಾಲು ರಾಕ್ ಹಾಡುಗಳು ನಾಲ್ಕು ಎಣಿಕೆಯ ಲೆಕ್ಕದಲ್ಲಿ ನಡೆಯುತ್ತವೆ. ಕೋರಸ್ ಎನ್ನುವುದು ನಮ್ಮ ಪಲ್ಲವಿಯ ಹಾಗೆ, ಸುತ್ತಿ ಸುತ್ತಿ ಬರುತ್ತದೆ. ವರ್ಸ್ ಎನ್ನುವುದು ಚರಣದ ಹಾಗೆ, ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ತಂಡದವರು ಕೂತು ಗೊತ್ತುಗುರಿಯಿಲ್ಲದೆ ನುಡಿಸುತ್ತಾ ಹೋಗುವುದಕ್ಕೆ ಜ್ಯಾಮಿಂಗ್ ಎನ್ನುತ್ತಾರೆ. ಶನಿವಾರದ ಭಜನೆಯಲ್ಲಿ ಒಬ್ಬರು ಎತ್ತಿಕೊಂಡ ಪದಕ್ಕೆ ಇನ್ನೊಬ್ಬರು ತಾಳ ಹಾಕಿ, ಮತ್ತೊಬ್ಬರು ದನಿ ಏರಿಸುವುದನ್ನು ನೋಡಿದ್ದೀರಲ್ಲ, ಅದರ ದಾಯಾದಿ ಇದು.

ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಬೀದಿಯಲ್ಲೇ. ಮಗ್ಗ ನಿಂತುಹೋದ ಒಂದು ಶೆಡ್ಡಿನಲ್ಲಿ ನಾಲ್ವರು ಹುಡುಗರು ಭಾನುವಾರ ಅಭ್ಯಾಸಕ್ಕೆ ಸೇರುತ್ತಿದ್ದರು. ಅಕ್ಕಪಕ್ಕದವರಿಗೆ ಕಿರಿಕಿರಿ. ಒಂದು ಮನೆಯಲ್ಲಿ ಎಳೆ ಮಗು, ಇನ್ನೊಂದರಲ್ಲಿ ಎಸ್‌ಎಸ್‌ಎಲ್‌ಸಿ ಹುಡುಗಿ. 'ನೀವು ಹಿರಿಯರು, ಒಂದು ಮಾತು ಹೇಳಿ ನಿಲ್ಲಿಸಿಬಿಡಿ' ಎಂದು ನನ್ನನ್ನು ಕಳಿಸಿದರು. ಹೋದೆ. ನಿಲ್ಲಿಸಿ ಎನ್ನುವ ಮೊದಲು ಒಂದು ಹಾಡು ಕೇಳೋಣ ಎಂದು ಕೂತೆ.

'ಹಾಡು ಇನ್ನೂ ಆಗಿಲ್ಲ ಸಾರ್' ಎಂದ ಹಾಡುವ ಹುಡುಗ. 'ಮೂರು ವಾರದಿಂದ ಮಟ್ಟು ಮಾತ್ರ ಇದೆ. ಮಾತು ಹಾಕಿದರೆ ಸುಳ್ಳು ಸುಳ್ಳು ಅನ್ನಿಸುತ್ತೆ.'

'ಏನು ಮಾತು ಹಾಕಿದಿರಪ್ಪಾ?' ಎಂದೆ. ಇಂಗ್ಲಿಷಿನಲ್ಲಿ ಸಮುದ್ರ, ಹೆದ್ದಾರಿ, ಒಂಟಿತನ ಎಂದೆಲ್ಲ ಬರೆದಿದ್ದ. ನಮ್ಮ ಬೀದಿಯ ಹುಡುಗ, ಸಮುದ್ರ ಎಷ್ಟು ಸಲ ನೋಡಿದ್ದಾನೋ!

ಡ್ರಮ್ಸ್ ಹುಡುಗನ ತಂದೆ ಬಾಗಿಲಲ್ಲಿ ನಿಂತಿದ್ದರು. ಆ ಶೆಡ್ಡು ಅವರದೇ. ಅಲ್ಲಿ ಓಡುತ್ತಿದ್ದ ನಾಲ್ಕು ಮಗ್ಗಗಳನ್ನು ಮಾರಿದ್ದರು. ಮಗ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಹುಡುಗರು ಮತ್ತೆ ನುಡಿಸತೊಡಗಿದಾಗ ಅವರು ತಡೆದು, 'ಏನ್ರೋ ಇದು, ಲಾಳಿ ಒಂದು ಕಡೆ, ಹಣಿಗೆ ಒಂದು ಕಡೆ! ನಿನ್ನ ಏಟು ಬೀಳೋ ಮುಂಚೆ ಆ ದಪ್ಪ ತಂತಿಯವನು ಓಡ್ತಾನಲ್ಲೋ' ಎಂದರು. ನೇಕಾರರ ಕಿವಿ ಅಂಥದ್ದು. ಎಳೆ ಕಡಿದರೆ ಕಣ್ಣಿಗೆ ಕಾಣುವ ಮೊದಲೇ ಸದ್ದಿನಲ್ಲಿ ಗೊತ್ತಾಗುತ್ತದೆ. ಹುಡುಗರು ಬೇಸ್ ಮತ್ತು ಡ್ರಮ್ಸ್ ಮಾತ್ರ ಹತ್ತು ನಿಮಿಷ ನುಡಿಸಿದರು. ಎರಡೂ ಕೂಡಿಕೊಂಡವು. ತಂದೆ ಒಂದು ಖಾಲಿ ಡಬ್ಬದ ಮೇಲೆ, ತಮ್ಮ ಮಗ್ಗ ಓಡುತ್ತಿದ್ದ ಲೆಕ್ಕದಲ್ಲಿ ಬೆರಳು ಬಡಿದರು. ಹಾಡುವ ಹುಡುಗ ಆ ಲೆಕ್ಕಕ್ಕೆ ಕನ್ನಡದಲ್ಲಿ ಏನೋ ಗೊಣಗಿಕೊಂಡ. ಖಾಲಿ ಶೆಡ್ಡು, ಗೋಡೆಯ ಮೇಲಿನ ಎಣ್ಣೆ ಕಲೆ, ಅಪ್ಪ ಎಂಬ ಮಾತುಗಳು ನನಗೆ ಕೇಳಿಸಿದವು. ತಂದೆ ಎದ್ದು ಹೊರಗೆ ಹೋದರು.

ನಾನು ನಿಲ್ಲಿಸಿ ಎನ್ನಲಿಲ್ಲ. ಭಾನುವಾರ ಸಂಜೆ ನಾಲ್ಕರಿಂದ ಆರು ಮಾತ್ರ, ಕಿಟಕಿಗೆ ಗೋಣಿಚೀಲದ ಎರಡು ಪದರ, ಪರೀಕ್ಷೆ ಮುಗಿಯುವ ತನಕ ಡ್ರಮ್ಸ್ ಮೇಲೆ ಕಂಬಳಿ. ಇಷ್ಟಕ್ಕೆ ಎರಡೂ ಕಡೆಯವರನ್ನು ಒಪ್ಪಿಸಿದೆ. ಈಗ ಡ್ರಮ್ಸ್ ಹುಡುಗನಿಗೆ ರಾತ್ರಿ ಪಾಳಿ ಬಿದ್ದಿದೆ, ಭಾನುವಾರ ನಿದ್ದೆಗಣ್ಣಿನಲ್ಲೇ ಬರುತ್ತಾನೆ. ತಂಡ ಎಷ್ಟು ದಿನ ಉಳಿಯುತ್ತದೋ ಹೇಳಲಾರೆ. ಹಾಡಿನ ಎರಡು ಚರಣ ಆಗಿದೆ.

ಸ್ವಂತದ್ದು ಯಾವುದು, ಸಾಲ ಯಾವುದು?

ಹೊಸದು ಕಟ್ಟುವವರಿಗೆಲ್ಲ ಒಂದು ಭಯವಿರುತ್ತದೆ. ಇದು ನನ್ನದೋ, ಯಾರದೋ? ಬೀಟಲ್ಸ್ ತಂಡದವರೇ ಆದ, ನಮ್ಮ ರವಿಶಂಕರರ ಬಳಿ ಸಿತಾರ್ ಕಲಿತ ಜಾರ್ಜ್ ಹ್ಯಾರಿಸನ್ 1970ರಲ್ಲಿ 'ಮೈ ಸ್ವೀಟ್ ಲಾರ್ಡ್' ಎಂಬ ಭಕ್ತಿಗೀತೆ ಹೊರತಂದರು. ಅದರ ಮಟ್ಟು 1963ರ ಇನ್ನೊಂದು ಹಾಡಿನಂತಿದೆ ಎಂದು ಮೊಕದ್ದಮೆಯಾಯಿತು. 1976ರಲ್ಲಿ ಅಮೆರಿಕದ ನ್ಯಾಯಾಧೀಶರು, ಬೇಕೆಂದು ಕದ್ದದ್ದಲ್ಲ, ಆದರೆ ಒಳಮನಸ್ಸಿನಲ್ಲಿ ಉಳಿದಿದ್ದ ಹಳೆಯ ಮಟ್ಟು ಗೊತ್ತಿಲ್ಲದೆ ಹೊರಬಂದಿದೆ ಎಂದು ತೀರ್ಪು ಕೊಟ್ಟರು. ಮೆಕಾರ್ಟ್ನಿ ವಾರಗಟ್ಟಲೆ ವಿಚಾರಿಸಿದ್ದು ಏಕೆಂದು ಈಗ ತಿಳಿಯಿತೇ?

ಗೊತ್ತಿದ್ದು, ಹೆಸರು ಹೇಳಿ ಪಡೆಯುವ ದಾರಿಯೂ ಇದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದ ಎಂಎಸ್ಸಿಯಲ್ಲಿ ಚಿನ್ನದ ಪದಕ ಪಡೆದವರು. ಗಿಟಾರ್ ಹಿಡಿದದ್ದು ಕಾಲೇಜಿನ ದಿನಗಳಲ್ಲಿ, ಸಹಪಾಠಿಯೊಬ್ಬರ ಸವಾಲಿಗೆ. 2008ರಲ್ಲಿ ಬಂದ ಅವರ ತಂಡದ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿ ಪದವಿದೆ. 1819ರಲ್ಲಿ ಹುಟ್ಟಿದ ಶರೀಫರ ಪದಗಳು ಬಾಯಿಂದ ಬಾಯಿಗೆ ಬಂದವು. ಸಿ. ಅಶ್ವತ್ಥರು ಅವನ್ನು ಮನೆ ಮನೆಗೆ ಮುಟ್ಟಿಸಿದರು. ರಘು ದೀಕ್ಷಿತ್ ಅವಕ್ಕೆ ಗಿಟಾರು, ಡ್ರಮ್ಸ್, ಪಿಟೀಲು ಸೇರಿಸಿ ಪಂಚೆ, ಗೆಜ್ಜೆ ತೊಟ್ಟು ಹೊರದೇಶಗಳಲ್ಲೂ ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ಇರುವ ಬೆಂಗಳೂರಿನ ಸ್ವರಾತ್ಮ ತಂಡದ ವೇದಿಕೆಯ ಮೇಲೆ ನಮ್ಮ ಜಾತ್ರೆಯ ಕೀಲು ಕುದುರೆಯೂ ಕುಣಿಯುತ್ತದೆ.

ಶರೀಫರನ್ನು ಹೀಗೆ ಹಾಡಬಹುದೇ ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ನನ್ನ ಕಿವಿಗೆ ಇವತ್ತಿಗೂ ಅಶ್ವತ್ಥರ ದನಿಯೇ ಹಿತ. ಆದರೆ ನನ್ನ ಮೊಮ್ಮಗಳಿಗೆ ಶರೀಫರ ಹೆಸರು ಮೊದಲು ಗೊತ್ತಾದದ್ದು ಗಿಟಾರಿನ ಮೂಲಕ. ಆ ಪದದ ಅರ್ಥ ಏನೆಂದು ಅವಳು ಕೇಳಿದಾಗ ಹೇಳಲು ಮನೆಯಲ್ಲಿ ನಾನಿದ್ದೆ. ಸಾಲ ಪಡೆದವರು ಯಾರಿಂದ ಪಡೆದೆವೆಂದು ಹೇಳಿ, ತಮ್ಮದೂ ಸ್ವಲ್ಪ ಸೇರಿಸಿದರೆ ಅಂಥ ಖಾತೆಗೆ ನನ್ನ ಆಕ್ಷೇಪಣೆಯಿಲ್ಲ.

ನೀವೂ ಮಾಡಿ ನೋಡಿ

ಸಂಗೀತಗಾರ ಬ್ರಯಾನ್ ಈನೋ ಮತ್ತು ಚಿತ್ರಕಾರ ಪೀಟರ್ ಶ್ಮಿಟ್ 1975ರಲ್ಲಿ ಒಂದು ಕಟ್ಟು ಕಾರ್ಡುಗಳನ್ನು ಮಾಡಿದರು. ಕೆಲಸ ಮುಂದಕ್ಕೆ ಹೋಗದಿದ್ದಾಗ ಒಂದು ಕಾರ್ಡು ಎತ್ತಬೇಕು, ಅದರಲ್ಲಿದ್ದಂತೆ ಮಾಡಬೇಕು. ಆದ ತಪ್ಪನ್ನು ಬೇಕೆಂದೇ ಮಾಡಿದ್ದೆಂದು ತಿಳಿದು ಮುಂದುವರಿ ಎಂಬಂಥ ಸೂಚನೆಗಳು ಅವು.

ಮಕ್ಕಳೇ, ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ನೀವೂ ಹತ್ತು ಕಾರ್ಡು ಮಾಡಿ. 'ಎರಡೇ ಸ್ವರದಲ್ಲಿ ಹಾಡು', 'ಅಡುಗೆಮನೆಯ ಒಂದು ಸದ್ದು ಸೇರಿಸು', 'ಅಜ್ಜಿಯ ಮಾತೊಂದನ್ನು ಪಲ್ಲವಿ ಮಾಡು', 'ಜೋರು ಇರುವಲ್ಲಿ ಮೆಲ್ಲಗೆ ಹಾಡು' ಎಂದು ಬರೆಯಿರಿ. ಗಿಟಾರೇ ಬೇಕೆಂದಿಲ್ಲ, ಸ್ಟೀಲ್ ಡಬ್ಬ ಇದ್ದರೂ ಸಾಕು. ಬಂದ ಮಟ್ಟನ್ನು ಅಪ್ಪನ ಮೊಬೈಲಿನಲ್ಲಿ ಕೂಡಲೇ ರೆಕಾರ್ಡ್ ಮಾಡಿ, ತಾರೀಖು ಹಾಕಿಡಿ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು ಒಂದೇ ತುಣುಕನ್ನು ನೂರು ಸಲ ನುಡಿಸಿದರೆ ತಲೆನೋವು ನಿಜ. ನಿಲ್ಲಿಸು ಎನ್ನುವ ಮೊದಲು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಸಮಯ ಗೊತ್ತು ಮಾಡಿ ನೋಡಿ. ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕೂತು, ಎಲ್ಲಿ ಸರಿಯಾಗಿದೆ, ಎಲ್ಲಿ ಎಳೆ ಕಡಿದಿದೆ ಎಂದು ಹೇಳಿ.