ಮನಸ್ಸು ನಿಲ್ಲದ ಮಕ್ಕಳು

ಇಪ್ಪತ್ತು ವರ್ಷಗಳಿಗೆ ಮಿಕ್ಕಿ ಪಾಠಶಾಲೆಯಲ್ಲಿ ಕಲಿಸುತ್ತ ಬಂದ ನಮಗೆ ಪ್ರತಿಯೊಂದು ತರಗತಿಯಲ್ಲಿಯೂ ಇಬ್ಬರು ಹುಡುಗಿಯರು ತಪ್ಪದೆ ಕಾಣಸಿಗುತ್ತಾರೆ. ಒಬ್ಬಳು ಕುಳಿತಲ್ಲಿ ಕುಳಿತಿರಲಾರಳು. ಪ್ರಶ್ನೆಯು ಮುಗಿಯುವ ಮುನ್ನವೇ ಉತ್ತರವನ್ನು ಕೂಗಿಬಿಡುವಳು. ತನ್ನ ಸರದಿ ಬರುವ ತನಕ ಕಾದಿರಳು. ಇನ್ನೊಬ್ಬಳು ಯಾರಿಗೂ ತೊಂದರೆ ಕೊಡಳು. ಆದರೆ ಕಿಟಕಿಯ ಹೊರಗೆ ನೋಡುತ್ತ ಪಾಠದ ಅರ್ಧವನ್ನು ಕಳೆದುಕೊಳ್ಳುವಳು. ಲೆಕ್ಕದ ಪುಸ್ತಕವನ್ನು ಮನೆಯಲ್ಲಿಯೂ ಛತ್ರಿಯನ್ನು ಬಸ್ಸಿನಲ್ಲಿಯೂ ಬಿಟ್ಟು ಬರುವಳು. ಮೊದಲನೆಯವಳನ್ನು ಹಟಮಾರಿಯೆಂದೂ ಎರಡನೆಯವಳನ್ನು ಸೋಮಾರಿಯೆಂದೂ ಕರೆಯುವುದು ಲೋಕರೂಢಿ. ಈ ಎರಡು ಹೆಸರುಗಳೂ ಅನೇಕ ವೇಳೆ ಅನ್ಯಾಯವಾದವುಗಳೆಂದು ತಾಯಿತಂದೆಗಳಿಗೂ ಸಹೋದ್ಯೋಗಿಗಳಿಗೂ ತಿಳಿಸುವುದೇ ಈ ಚಿಕ್ಕ ಲೇಖನದ ಉದ್ದೇಶವು.

ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವ ತೊಂದರೆಯನ್ನು ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ನ್ಯೂನತೆ ಎಂದು ಅದನ್ನು ನಮ್ಮ ಭಾಷೆಯಲ್ಲಿ ಹೇಳಬಹುದು. ಇದು ಬುದ್ಧಿಮಾಂದ್ಯವಲ್ಲ, ದುರ್ನಡತೆಯೂ ಅಲ್ಲ. ಮನಸ್ಸನ್ನು ಒಂದು ಕಾರ್ಯದಲ್ಲಿ ನಿಲ್ಲಿಸುವ, ಆತುರವನ್ನು ಹಿಡಿಯುವ, ಕೆಲಸವನ್ನು ಕ್ರಮಪಡಿಸುವ ಶಕ್ತಿಗಳು ಮೆದುಳಿನಲ್ಲಿ ವಯಸ್ಸಿಗೆ ತಕ್ಕಂತೆ ಬಲಿಯದೆ ಇರುವುದೇ ಇದರ ಮೂಲ. ಲೋಕದ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಯಲ್ಲಿ ಇದು ಇರುವುದೆಂದು ಅನೇಕ ದೇಶಗಳ ಲೆಕ್ಕಗಳಿಂದ ಕಂಡುಬಂದಿದೆ. ಹಾಗಿದ್ದರೆ 40 ಮಂದಿಯ ಒಂದು ತರಗತಿಯಲ್ಲಿ ಇಬ್ಬರು ಎಂದಾಯಿತು.

ಇದು ಈ ಕಾಲದ ಹೊಸ ಕಲ್ಪನೆಯೆಂದು ಹೇಳುವವರುಂಟು. ಅದು ಸರಿಯಲ್ಲ. 1798ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯರಾದ ಅಲೆಕ್ಸಾಂಡರ್ ಕ್ರೈಟನ್ ಎಂಬವರು ಗಮನವು ನಿಲ್ಲದ ಸ್ಥಿತಿಯನ್ನು ಕುರಿತು ಬರೆದರು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನಿನಲ್ಲಿ ಉಪನ್ಯಾಸ ಮಾಡಿ, ತಾವು ಕಂಡ 43 ಮಕ್ಕಳ ವಿಷಯವನ್ನು ವಿವರಿಸಿದರು. ಅವರು ಇದನ್ನು ನೀತಿಯ ಹಿಡಿತದಲ್ಲಿರುವ ದೋಷವೆಂದು ತಿಳಿದರಾದರೂ, ಬುದ್ಧಿ ಸರಿಯಾಗಿರುವ ಮಕ್ಕಳಲ್ಲಿಯೂ ಅದು ಇರಬಹುದೆಂದು ಕಂಡುಕೊಂಡರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬವರು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಮದ್ದನ್ನು ಕೊಟ್ಟಾಗ, ಸುಮಾರು ಅರ್ಧದಷ್ಟು ಮಕ್ಕಳು ಶಾಲೆಯ ಕೆಲಸವನ್ನು ಆಶ್ಚರ್ಯಕರವಾಗಿ ಮಾಡತೊಡಗಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಗಮನದ ಕೊರತೆಗೆ ಪ್ರಧಾನ ಸ್ಥಾನವನ್ನು ಕೊಟ್ಟಿತು. ಈಗಿನ ಹೆಸರು 1987ರಲ್ಲಿ ಬಂದಿತು.

ಇದರ ಲಕ್ಷಣಗಳು ಎರಡು ಬಗೆ. ಪಾಠದಲ್ಲಿ ಅಜಾಗರೂಕತೆಯ ತಪ್ಪುಗಳು, ಹೇಳಿದ್ದನ್ನು ಕೇಳದವರಂತೆ ಇರುವುದು, ಪ್ರಾರಂಭಿಸಿದ್ದನ್ನು ಮುಗಿಸದಿರುವುದು, ಸಾಮಾನುಗಳನ್ನು ಕಳೆದುಕೊಳ್ಳುವುದು, ನಿತ್ಯದ ಕೆಲಸಗಳನ್ನು ಮರೆಯುವುದು ಇವು ಗಮನದ ಕೊರತೆಯ ಲಕ್ಷಣಗಳು. ಕೈಕಾಲು ಆಡಿಸುತ್ತಲೇ ಇರುವುದು, ಎದ್ದು ತಿರುಗುವುದು, ಮಿತಿಮೀರಿ ಮಾತಾಡುವುದು, ಪರರ ಮಾತಿನ ನಡುವೆ ನುಗ್ಗುವುದು ಇವು ಅತಿಚಟುವಟಿಕೆ ಮತ್ತು ಆತುರದ ಲಕ್ಷಣಗಳು. ಕೆಲವರಲ್ಲಿ ಮೊದಲನೆಯ ಬಗೆ, ಕೆಲವರಲ್ಲಿ ಎರಡನೆಯದು, ಅನೇಕರಲ್ಲಿ ಎರಡೂ ಕೂಡಿರುವುವು. ಹುಡುಗಿಯರಲ್ಲಿ ಹೆಚ್ಚಾಗಿ ಗಮನದ ಕೊರತೆಯೇ ಎದ್ದು ಕಾಣುವುದು. ಗದ್ದಲ ಮಾಡುವ ಹುಡುಗನನ್ನು ಎಲ್ಲರೂ ಕಾಣುವರು. ಮೌನವಾಗಿ ಹಿಂದುಳಿಯುವ ಹುಡುಗಿಯನ್ನು ಕಾಣುವವರು ವಿರಳ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ತಮ್ಮನನ್ನು, ಅವನ ಶಾಲೆಯಿಂದ ಬಂದ ದೂರುಗಳ ನಿಮಿತ್ತ, ವೈದ್ಯರ ಬಳಿಗೆ ಕರೆದೊಯ್ದಿದ್ದರು. ಹುಡುಗನಿಗೆ ಈ ತೊಂದರೆಯುಂಟೆಂದು ಗೊತ್ತಾದ ಮೇಲೆ ವೈದ್ಯರು, ಮನೆಯಲ್ಲಿ ಮತ್ತಾರಾದರೂ ಹೀಗಿದ್ದಾರೆಯೇ ಎಂದು ಕೇಳಿದರಂತೆ. ಯಾಕೆಂದರೆ ಇದು ಬಹುಮಟ್ಟಿಗೆ ವಂಶದಲ್ಲಿ ಹರಿದುಬರುವ ಗುಣ. ತಾಯಿಯು ಮಗಳನ್ನು ನೆನೆದಳು. ವೈದ್ಯರು ಅವಳ ಹಳೆಯ ಪ್ರಗತಿಪತ್ರಗಳನ್ನು ತರಹೇಳಿದರು. ಆ ತಾಯಿಯು ನಮ್ಮ ಕೊಠಡಿಗೆ ಬಂದು ಪತ್ರಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. “ಬುದ್ಧಿಯುಂಟು, ಲಕ್ಷ್ಯವಿಲ್ಲ”, “ಮನಸ್ಸು ಮಾಡಿದರೆ ಸಾಧಿಸಬಲ್ಲಳು”, “ಬಹಳ ಮರೆವು”. ಐದು ವರ್ಷಗಳು ಇದೇ ಮಾತು. ಪ್ರತಿಯೊಂದರ ಕೆಳಗೂ ನಮ್ಮ ಸಹಿ. ಮುಗಿಯದ ಬರವಣಿಗೆಯನ್ನು ಮುಗಿಸಲೆಂದು ಆಟದ ಬಿಡುವಿನಲ್ಲಿ ಅವಳನ್ನು ಒಳಗೇ ಕುಳ್ಳಿರಿಸುತ್ತಿದ್ದವರೂ ನಾವೇ. ಓಡಾಟದಿಂದ ಇಂಥ ಮಕ್ಕಳ ಗಮನಕ್ಕೆ ಸಹಾಯವಾಗುವುದೆಂದು ಆಗ ನಾವು ಅರಿತಿರಲಿಲ್ಲ. ಐದು ವರ್ಷ ಲಕ್ಷಣಗಳನ್ನು ನಮ್ಮ ಕೈಯಿಂದಲೇ ಬರೆದು, ಅವುಗಳನ್ನು ದೋಷಾರೋಪಣೆಯೆಂದು ಮನೆಗೆ ಕಳುಹಿಸಿದ್ದೆವು.

ಆ ಪತ್ರಗಳು ವೈದ್ಯರಿಗೆ ಉಪಯೋಗವಾದುವು. ಈ ತೊಂದರೆಯನ್ನು ನಿಶ್ಚಯಿಸುವುದಕ್ಕೆ ರಕ್ತಪರೀಕ್ಷೆಯಾಗಲಿ ಮೆದುಳಿನ ಚಿತ್ರವಾಗಲಿ ಇಲ್ಲ; ಮಗುವಿನ ಚರಿತ್ರೆಯೇ ಸಾಕ್ಷಿ. 2013ರ ಕೈಪಿಡಿಯ ಪ್ರಕಾರ ಒಂದು ಬಗೆಯ 9 ಲಕ್ಷಣಗಳಲ್ಲಿ 6 ಆದರೂ, 17 ವರ್ಷ ತುಂಬಿದವರಲ್ಲಿ 5 ಆದರೂ, ಆರು ತಿಂಗಳಿಗೆ ಕಡಮೆಯಿಲ್ಲದೆ ಇರಬೇಕು, ಕೆಲವಾದರೂ 12 ವರ್ಷಕ್ಕೆ ಮುಂಚೆ ತೋರಿರಬೇಕು, ಮನೆ, ಶಾಲೆ ಮುಂತಾದ ಎರಡು ಸ್ಥಳಗಳಲ್ಲಾದರೂ ಕಾಣಬೇಕು, ಬಾಳಿಗೆ ಅಡ್ಡಿಯಾಗುವಂತಿರಬೇಕು. ಶಾಲೆಯಲ್ಲಿ ಮಾತ್ರ ಚಂಚಲಳಾಗಿ ಬೇರೆಲ್ಲ ಕಡೆ ಸ್ವಸ್ಥಳಾಗಿರುವ ಹುಡುಗಿಯ ವಿಷಯದಲ್ಲಿ ನಾವು ಮೊದಲು ನಮ್ಮ ಪಾಠವನ್ನೇ ಪರೀಕ್ಷಿಸತಕ್ಕದ್ದು. ಕಣ್ಣುಕಿವಿಗಳ ದೋಷ, ನಿದ್ದೆಗೇಡು, ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ವ್ಯಾಧಿ, ಕ್ಷಣಮಾತ್ರ ಎಚ್ಚರ ತಪ್ಪಿಸುವ ಅಪಸ್ಮಾರ, ಓದುಬರಹದ ವಿಶೇಷ ತೊಂದರೆ, ಮನೆಯ ದುಃಖ ಇವುಗಳಿಂದಲೂ ಮಗುವು ಅನ್ಯಮನಸ್ಕವಾಗಬಹುದು. ಆದುದರಿಂದ ನಿರ್ಣಯವು ತಜ್ಞ ವೈದ್ಯರದು; ಉಪಾಧ್ಯಾಯಿನಿಯು ತಾನು ಕಂಡದ್ದನ್ನು ಸತ್ಯವಾಗಿ ಬರೆದುಕೊಡಬೇಕೇ ಹೊರತು ಹೆಸರಿಡಬಾರದು.

ಚಿಕಿತ್ಸೆಯಲ್ಲಿ ಮೂರು ಅಂಗಗಳುಂಟು. ಮೊದಲನೆಯದು ತಿಳಿವಳಿಕೆ ಮತ್ತು ಅಭ್ಯಾಸ. ಒಳ್ಳೆಯ ನಡತೆಯನ್ನು ಕೂಡಲೇ ಮೆಚ್ಚುವುದು, ಒಂದು ಸಲಕ್ಕೆ ಒಂದೇ ಆಜ್ಞೆಯನ್ನು ಕೊಡುವುದು, ದಿನಚರಿಯನ್ನು ಕ್ರಮವಾಗಿ ನಡಿಸುವುದು ಇವುಗಳನ್ನು ತಾಯಿತಂದೆಗಳಿಗೆ ಕಲಿಸಲಾಗುವುದು. ಆರು ವರ್ಷದೊಳಗಿನ ಮಕ್ಕಳಿಗೆ ಇದೇ ಮೊದಲನೆಯ ಉಪಾಯ. ಎರಡನೆಯದು ಔಷಧ. ಮಿಥೈಲ್ಫೆನಿಡೇಟ್ ಎಂಬ ಮದ್ದು 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಯಿತು. ಅದೇ ಇಂದಿಗೂ ಮುಖ್ಯವಾದುದು. ಅದು ಮೆದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳ ಕಾರ್ಯವನ್ನು ಹೆಚ್ಚಿಸುವುದು. ಉತ್ತೇಜಕ ಮದ್ದು ಸಲ್ಲದವರಿಗೆ ಆಟೊಮೊಕ್ಸೆಟಿನ್ ಮುಂತಾದುವು ಉಂಟು. ಹಸಿವು ಕುಗ್ಗುವುದು, ನಿದ್ದೆ ಬಾರದಿರುವುದು, ತಲೆನೋವು, ನಾಡಿಯೂ ರಕ್ತದ ಒತ್ತಡವೂ ತುಸು ಏರುವುದು ಇವು ಮದ್ದಿನ ತೊಡಕುಗಳು. ಆದಕಾರಣ ಎತ್ತರ, ತೂಕ, ನಾಡಿಗಳನ್ನು ನೋಡುತ್ತಿರುವ ವೈದ್ಯರ ಚೀಟಿಯ ಹೊರತು ಇದನ್ನು ಕೊಡಲೇಬಾರದು. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನವು ಪ್ರಕಟವಾಯಿತು. ಮುಖ್ಯ ಲಕ್ಷಣಗಳಿಗೆ ಜಾಗ್ರತೆಯಿಂದ ಕೊಟ್ಟ ಔಷಧವು ಅಭ್ಯಾಸಕ್ರಮಕ್ಕಿಂತ ಮೇಲೆಂದೂ, ಎರಡನ್ನೂ ಕೂಡಿಸಿದಾಗ ಕಡಮೆ ಮದ್ದು ಸಾಕಾಯಿತೆಂದೂ ಅದರಿಂದ ತಿಳಿಯಿತು. ಮದ್ದು ಪಾಠವನ್ನು ಕಲಿಸದು, ಕಲಿಯುವುದಕ್ಕೆ ಎಡೆಮಾಡಿಕೊಡುವುದು.

ಮೂರನೆಯ ಅಂಗವು ನಮ್ಮದು, ಅಂದರೆ ಶಾಲೆಯದು. ಆ ಹುಡುಗಿಯ ನಿಮಿತ್ತದಿಂದ ನಮ್ಮಲ್ಲಿ ಕೆಲವು ಕ್ರಮಗಳು ಬದಲಾದುವು. ಇಂಥವಳನ್ನು ಕಿಟಕಿ ಬಾಗಿಲುಗಳಿಂದ ದೂರ, ಮುಂದಿನ ಬೆಂಚಿನಲ್ಲಿ ಕುಳ್ಳಿರಿಸುತ್ತೇವೆ. ಹತ್ತು ಲೆಕ್ಕಗಳನ್ನು ಒಮ್ಮೆಗೇ ಕೊಡದೆ ಮೂರು ಮೂರಾಗಿ ಕೊಡುತ್ತೇವೆ. ಮನೆಗೆಲಸವನ್ನು ಬರೆದುಕೊಂಡಳೋ ಎಂದು ಗಂಟೆ ಹೊಡೆಯುವ ಮುಂಚೆ ನೋಡುತ್ತೇವೆ. ಕರಿಹಲಗೆ ಒರಸುವ ಕೆಲಸವನ್ನು ಕೊಟ್ಟು ನಡುನಡುವೆ ಎದ್ದಾಡಲು ಅವಕಾಶ ಮಾಡುತ್ತೇವೆ. ಆಟದ ಬಿಡುವನ್ನು ಯಾರಿಂದಲೂ ಕಸಿದುಕೊಳ್ಳುವುದಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೇಳಿ ಹೊಡೆತ ಬೈಗುಳಗಳನ್ನು ಸಮರ್ಥಿಸುವವರು ಇನ್ನೂ ಇದ್ದಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗಳಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯಿದೆ ಹಾಗಿರಲಿ, ದಂಡನೆಯಿಂದ ಗಮನವು ಬಲಿಯದು. ತಾನು ಕೆಟ್ಟವಳೆಂಬ ನಂಬಿಕೆ ಮಾತ್ರ ಬಲಿಯುವುದು. ತಾಯಂದಿರೂ ತಮ್ಮನ್ನು ದೂಷಿಸಿಕೊಳ್ಳಬಾರದು; ಮುದ್ದಿನಿಂದಾಗಲಿ ಸಕ್ಕರೆಯಿಂದಾಗಲಿ ಈ ತೊಂದರೆ ಹುಟ್ಟದು. ಸಂದೇಹವಿದ್ದವರು ಮಕ್ಕಳ ವೈದ್ಯರನ್ನಾಗಲಿ ಮನೋವೈದ್ಯರನ್ನಾಗಲಿ ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ಒಂದು ವಿಭಾಗವುಂಟು.

ಆ ಹುಡುಗಿಗೆ ಎಲ್ಲವನ್ನೂ ವಿವರಿಸಿ ಹೇಳಿದ ದಿನ ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಸೋಮಾರಿಯಲ್ಲವೇ, ಟೀಚರ್?” ಎಂದು ಕೇಳಿದಳು. ಅಲ್ಲವೆಂದು ಹೇಳಲು ನಮಗೆ ಐದು ವರ್ಷ ಹಿಡಿದಿತ್ತು. ಅವಳು ಮುಂದೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದಳು. ಛತ್ರಿಯನ್ನು ಮರೆಯುವುದನ್ನು ಮಾತ್ರ ಬಿಡಲಿಲ್ಲ. ಈಗ ಪ್ರಗತಿಪತ್ರಕ್ಕೆ ಸಹಿ ಹಾಕುವ ಮುಂಚೆ “ಲಕ್ಷ್ಯವಿಲ್ಲ” ಎಂಬ ಮಾತು ಕಂಡರೆ ನಾವು ಲೇಖನಿಯನ್ನು ಕೆಳಗಿಟ್ಟು, ಆ ಹುಡುಗಿಯನ್ನು ಕರೆಯಿಸಿ ಮಾತಾಡುತ್ತೇವೆ. ಈ ಪುಟಗಳನ್ನು ಓದುವ ತಾಯಂದಿರೂ ಉಪಾಧ್ಯಾಯಿನಿಯರೂ ಹಾಗೆಯೇ ಮಾಡಬೇಕೆಂದು ಬಿನ್ನವಿಸುತ್ತೇವೆ.